ಮರುಗದ ಕುಂಡಕ್ಕೆ ಬಂದ ನೆಂಟರು

ಕೂತುಕೊಳ್ಳಿ. ಎದ್ದು ಮರ್ಯಾದೆ ಮಾಡಲಿಲ್ಲ ಅಂತ ಬೇಜಾರು ಬೇಡ. ನೋಡುತ್ತಿದ್ದೀರಲ್ಲ, ಎರಡು ಕೈಯಲ್ಲೂ ಹಗ್ಗ ಹಿಡಿದಿದ್ದೇನೆ, ಬಿಡುವ ಹಾಗಿಲ್ಲ. ಯಾಕೆ ಹಿಡಿದಿದ್ದೇನೆ ಅನ್ನುವುದೇ ಕಥೆ. ಊರು ಕಟ್ಟಿದವರ ನಂತರ ಈ ಬಂಡೆಯ ಮೇಲಕ್ಕೆ ನಡೆದುಕೊಂಡು ಯಾರೂ ಬಂದದ್ದಿಲ್ಲ. ನಿದ್ದೆಯಲ್ಲಿರುವವರು ಮಾತ್ರ ಬರುತ್ತಾರೆ, ಎಚ್ಚರವಾದ ಕೂಡಲೇ ಹೋಗಿಬಿಡುತ್ತಾರೆ. ನೀವೂ ಹಾಗೆ ಬಂದವರೇ. ಇರುವಷ್ಟು ಹೊತ್ತು ಕೇಳಿ, ನಡುನಡುವೆ ಹೂಂ ಅನ್ನಿ. ಹೂಂ ಅನ್ನದವರಿಗೆ ನಾನು ಕಥೆ ಹೇಳುವವನಲ್ಲ.

ನಾನು ಈ ಊರಿನ ಹಗ್ಗದವನು. ಇಲ್ಲಿಂದ ಕೆಳಕ್ಕೆ ಏನನ್ನು ಇಳಿಸುವುದಿದ್ದರೂ ನನ್ನ ತೋಳೇ ಆಗಬೇಕು. ಒಮ್ಮೆ ಒಂದು ಆನೆ ಬಂದು ಸಿಕ್ಕಿಹಾಕಿಕೊಂಡಿತ್ತು. ಅದೂ ಪಾಪ ನಿದ್ದೆಯಲ್ಲೇ ಬಂದದ್ದು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಮಜ್ಜಿಗೆ ಚೊಂಬು. ಆನೆ ಕೆಳಗೆ ಕಾಲೂರುವಷ್ಟರಲ್ಲಿ ನಾನು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡಿದ್ದೆ. ಇನ್ನೊಮ್ಮೆ ಚಂದ್ರ ಈ ಬಂಡೆಯ ಮೂಲೆಗೆ ತಗುಲಿ ಅಲ್ಲೇ ನಿಂತುಬಿಟ್ಟ. ಅವನನ್ನೂ ನಾನೇ ಇಳಿಸಿ ಕಳಿಸಿದ್ದು.

ಹಗ್ಗ ಜಗ್ಗಿತು, ಕಂಡಿರಾ? ಇರಲಿ, ಅದರ ವಿಷಯ ಕಡೆಗೆ ಹೇಳುತ್ತೇನೆ.

ಊರೆಲ್ಲ ಒಂದೇ ಕಲ್ಲು. ಮನೆ ಕಲ್ಲಿನ ಮೇಲೆ, ಬೀದಿ ಕಲ್ಲಿನ ಮೇಲೆ, ಮಳೆನೀರು ನಿಲ್ಲುವ ದೊಣೆಯೂ ಕಲ್ಲಿನ ಗುಂಡಿಯೇ. ಏನು ತಿನ್ನುತ್ತೀರಿ ಅಂತ ಕೇಳಬೇಡಿ, ಕಥೆ ಕೇಳುವವರು ಅಡುಗೆಮನೆ ಇಣುಕಿ ನೋಡುವುದು ಸರಿಯಲ್ಲ. ಮಣ್ಣು ಅನ್ನುವುದು ಇಲ್ಲಿ ಕುಂಡಗಳಲ್ಲಿ ಮಾತ್ರ. ಮೊದಲು ಬಂದವರು ಸೆರಗಿನಲ್ಲಿ ಕಟ್ಟಿಕೊಂಡು, ಪಂಚೆಯಲ್ಲಿ ಗಂಟು ಹಾಕಿಕೊಂಡು, ಅದೂ ಸಾಲದೆ ಬಾಯಲ್ಲಿ ತುಂಬಿಕೊಂಡು ತಂದ ಮಣ್ಣು. ಆಮೇಲೆ ಒಂದು ಹಿಡಿಯೂ ಹೊಸದಾಗಿ ಬಂದಿಲ್ಲ. ಮಗು ಹುಟ್ಟಿದರೆ ಒಂದು ಕುಂಡ, ಕುಂಡಕ್ಕೆ ಒಂದು ಗಿಡ. ಮನುಷ್ಯ ಸತ್ತರೆ ಅವನ ಕುಂಡದ ಮಣ್ಣು ಮುಂದೆ ಹುಟ್ಟುವ ಮಗುವಿನ ಕುಂಡಕ್ಕೆ. ಗಿಡ ಇದ್ದರೆ ಮನುಷ್ಯ ಇದ್ದ ಹಾಗೆ, ಬಾಡಿದರೆ ಬಾಡಿದ ಹಾಗೆ. ನೀವು ಅಂಗಳ ಗುಡಿಸುತ್ತೀರಿ, ನಾವು ಕುಂಡ ಗುಡಿಸುತ್ತೇವೆ. ಬೆಳಿಗ್ಗೆ ಎದ್ದವರೇ ಬೆರಳುದ್ದದ ಪೊರಕೆ ಹಿಡಿದು ಕುಂಡದ ಮೇಲ್ಮಣ್ಣು ನುಣ್ಣಗೆ ಮಾಡಿ, ಒಂದು ತರಗೆಲೆಯ ಚೂರೂ ಉಳಿಯದ ಹಾಗೆ ಆರಿಸಿ ಬಿಸಾಡಿದ ಮೇಲೆಯೇ ಬಾಯಿಗೆ ನೀರು.

ನನ್ನ ಕುಂಡದಲ್ಲಿ ಆಲದ ಮರವಿತ್ತು. ಬಿಳಲು ಬಿಟ್ಟು, ಬೀದಿಯ ಮಕ್ಕಳೆಲ್ಲ ಜೋತಾಡುವಂಥ ಆಲ.

ಆಯ್ತು ಮಾರಾಯ್ತಿ, ಜಗ್ಗಬೇಡ, ಹೇಳುತ್ತೇನೆ. ಕಳ್ಳಿಗಿಡ. ಮೊಣಕೈಯುದ್ದದ ಕಳ್ಳಿ. ಹೂ ಬಿಟ್ಟದ್ದೂ ಇಲ್ಲ. ನನ್ನವಳದು ಮರುಗ. ಎರಡು ಎಲೆ ಕಿತ್ತು ಮುಡಿಗೆ ಸಿಕ್ಕಿಸಿಕೊಂಡಳು ಅಂದರೆ ಅವಳು ಯಾವ ಸಂದಿಯಲ್ಲಿದ್ದರೂ ನನಗೆ ಗೊತ್ತಾಗುತ್ತಿತ್ತು.

ಊರಿಗೆ ಒಂದೇ ಕಟ್ಟಳೆ. ಬಿತ್ತದೆ ಹುಟ್ಟಿದ್ದು ಇರುವ ಮಣ್ಣನ್ನೆಲ್ಲ ತಿಂದುಬಿಡುತ್ತದೆ ಅಂತ ಮೊದಲು ಬಂದವರು ಹೆದರಿದ್ದರಂತೆ. ಅದಕ್ಕೆ, ಯಾರ ಕುಂಡದಲ್ಲಿ ಅಣಬೆ ಏಳುತ್ತದೋ ಅವರನ್ನು ಬುಟ್ಟಿಯಲ್ಲಿ ಕೂರಿಸಿ, ಆ ಕುಂಡವನ್ನು ಮಡಿಲಿಗಿಟ್ಟು, ಬಂಡೆಯ ಅಂಚಿನಿಂದ ಕೆಳಕ್ಕೆ ಇಳಿಸಬೇಕು. ಇಳಿಸುವಾಗ ಊರವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಹಗ್ಗ ಬಿಟ್ಟಾದ ಮೇಲೆ ಎಲ್ಲರೂ ಒಟ್ಟಿಗೆ "ಮುಟ್ಟಿತು" ಅನ್ನಬೇಕು. ಅಂದ ಕೂಡಲೇ ಹಗ್ಗದವನು ಹಗ್ಗ ಕೊಯ್ದುಬಿಡಬೇಕು, ಇಲ್ಲದಿದ್ದರೆ ಆ ಅಣಬೆ ಹಗ್ಗ ಹಿಡಿದು ಮೇಲೆ ಹತ್ತಿ ಬರುತ್ತದೆ ಅಂತ ಭಯ. ನಮ್ಮ ತಾತನ ಕಾಲಕ್ಕೆ ಹಗ್ಗದ ಸುರುಳಿ ಮನೆಯಷ್ಟು ಎತ್ತರವಿತ್ತಂತೆ. ಕೊಯ್ದು ಕೊಯ್ದು ನನ್ನ ಕೈಗೆ ಬರುವಷ್ಟರಲ್ಲಿ... ಬೆಟ್ಟದಷ್ಟಿದೆ ಅಂತ ನಾನು ಊರಲ್ಲೆಲ್ಲ ಹೇಳುತ್ತಿದ್ದೆ. ನನ್ನವಳು ಮಾತ್ರ, "ಬೆಟ್ಟವಂತೆ ಬೆಟ್ಟ! ಬೆಕ್ಕು ಮರಿ ಹಾಕೋಕೆ ಸಾಲಾಕಿಲ್ಲ," ಅನ್ನುತ್ತಿದ್ದಳು. ನನ್ನ ಕಾಲದಲ್ಲಿ ಒಬ್ಬರನ್ನೂ ಇಳಿಸುವ ಪ್ರಸಂಗ ಬಂದಿರಲಿಲ್ಲ. ಹಗ್ಗ ಎಷ್ಟುದ್ದ ಅಂತ ಬಿಚ್ಚಿ ನೋಡಿದವರೂ ಇರಲಿಲ್ಲ.

ಅಣಬೆಯ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ, ನೆಂಟರು ಅನ್ನುತ್ತಾರೆ. ದಿನಾ ಸಂಜೆ, ಹೊತ್ತು ಕಂತುವ ಮೊದಲು, ಕುಂಡ ನೋಡುವವನು ಕೋಲು ಹಿಡಿದು ಬೀದಿಗೆ ಬರುತ್ತಿದ್ದ. ಬಾಗಿಲ ಮುಂದಿನ ಕುಂಡಕ್ಕೆ ಕೋಲು ಕುಟ್ಟಿ ಕೇಳುತ್ತಿದ್ದ:

"ನೆಂಟರು ಬಂದವ್ರಾ?"

ಒಳಗಿನಿಂದ ಹೇಳಬೇಕು: "ಇಲ್ಲ, ನಾವು ನಾವೇ."

ಮುಂದಿನ ಬಾಗಿಲು. "ನೆಂಟರು ಬಂದವ್ರಾ?" "ಇಲ್ಲ, ನಾವು ನಾವೇ." ಬೀದಿಯುದ್ದಕ್ಕೂ ಆ ಎರಡೇ ಮಾತು. ನಾನು ಹುಟ್ಟಿದಾಗಿನಿಂದ ಸಂಜೆ ಅಂದರೆ ಆ ಎರಡು ಮಾತೇ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವರ ಕುಂಡದ ಮೇಲೆ ಒದ್ದೆ ಬಟ್ಟೆ ಹೊದಿಸುವುದು ಪದ್ಧತಿ. ಗಿಡ ತಂಪಾಗಿದ್ದರೆ ಜ್ವರ ಇಳಿಯುತ್ತದೆ ಅಂತ. ಒದ್ದೆ ಬಟ್ಟೆ ಕಂಡ ಬಾಗಿಲಲ್ಲಿ ಅವನು ಕೇಳದೆ ಮುಂದೆ ಹೋಗಬೇಕು.

ಒಂದು ಬೆಳಿಗ್ಗೆ ನನ್ನವಳು ಪೊರಕೆ ಹಿಡಿದು ಕೂತವಳು ಕರೆದಳು.

"ಇಲ್ಲಿ ಬಾ ಇಲ್ಲಿ. ನನ್ನ ಕುಂಡದಾಗೆ ಯಾರೋ ಕೂತವ್ರೆ."

ಹೋಗಿ ಬಗ್ಗಿ ನೋಡಿದೆ. ಮರುಗದ ಬುಡಕ್ಕೆ ಒತ್ತಿಕೊಂಡು, ಮಗುವಿನ ಹಾಲುಹಲ್ಲಿನಂತೆ ಬೆಳ್ಳಗೆ, ಒಂದು. ನಾನು ಬಾಗಿಲ ತನಕ ಹಿಂದಕ್ಕೆ ಸರಿದೆ.

"ಕಿತ್ತು ಬಿಸಾಕೇ!"

"ನೋಡೋಕೆ ಚೆಂದ ಐತೆ ಅಲ್ವಾ? ತಲೆ ಮೇಲೆ ಟೋಪಿ ಬೇರೆ."

"ನಗಬೇಡ ಕಣೇ. ನಿನ್ನ ಇಳಿಸಬೇಕಾಯ್ತದೆ. ಇಳಿಸೋನು ನಾನು."

"ಅದಕ್ಕೇ ನಗ್ತಾ ಇರೋದು. ಆನೆ ಇಳಿಸಿದೋನು, ಚಂದ್ರನ್ನ ಇಳಿಸಿದೋನು, ಇಷ್ಟು ಸಣ್ಣ ಟೋಪಿ ಕಂಡು ಹೆಂಗೆ ನಡುಗ್ತಾ ಇದೀಯ ನೋಡು."

ನಾನೇ ಕಿತ್ತೆ. ಬೆರಳಲ್ಲಿ ಹೊಸಕಿ ಅಂಗೈಯಿಂದ ಊದಿದೆ. ಸಣ್ಣ ಹಿಟ್ಟಿನಂತೆ ಹಾರಿಹೋಯಿತು. ಗಾಳಿ ಊರ ಕಡೆಗೆ ಬೀಸುತ್ತಿತ್ತು. ಆ ಸಂಜೆ ಕೋಲು ಕುಟ್ಟಿದಾಗ, "ಇಲ್ಲ, ನಾವು ನಾವೇ," ಅಂತ ನಾನು ಕೂಗಿದ್ದು ಊರಾಚೆಗೂ ಕೇಳಿರಬೇಕು.

ಮಾರನೆಯ ಬೆಳಿಗ್ಗೆ ಇನ್ನೆರಡು. ಕಿತ್ತೆ, ಹೊಸಕಿದೆ, ಊದಿದೆ. ಅದರ ಮಾರನೆಗೆ ಒಂದು ಗುಂಪೇ. ಬೂದಿ ಹಾಕಿದೆ. ಅರಿಶಿನ ಹಾಕಿದೆ. ಸುಣ್ಣದ ತಿಳಿ ಬಿಟ್ಟೆ. ಉಪ್ಪು ತಂದಾಗ ಅವಳು ಕೈ ಹಿಡಿದಳು: "ಉಪ್ಪು ಹಾಕಿದ್ರೆ ಮರುಗ ಸಾಯ್ತದೆ. ಮರುಗ ಸತ್ರೆ ನಾನೆಲ್ಲಿ?" ಕಡೆಗೆ ಅವಳ ಕುಂಡದ ಮೇಲ್ಮಣ್ಣು ತೆಗೆದು ನನ್ನ ಕಳ್ಳಿಯ ಕುಂಡಕ್ಕೆ ಸುರಿದೆ, ಬರುವುದಾದರೆ ನನಗೆ ಬರಲಿ ಅಂತ. ಕಾದೆ. ಗುಡಿಸಿ ಗುಡಿಸಿ ನನ್ನ ಮಣ್ಣು ಒಡೆದ ಹಿಮ್ಮಡಿಯಂತಾಗಿತ್ತು. ಅದರಲ್ಲಿ ಏನೂ ಏಳಲಿಲ್ಲ. ಅವಳದರಲ್ಲಿ ಮಾತ್ರ ಮತ್ತೆ ಎದ್ದವು.

"ನನ್ನ ಮರುಗ ನೋಡು," ಅಂದಳು ಅವಳು. "ಹಿಂದೆ ಯಾವತ್ತಾದ್ರೂ ಇಷ್ಟು ಹಸಿರಾಗಿತ್ತಾ? ನೆಂಟರು ಬಂದ ಮೇಲೆ ಮನೆ ತುಂಬ್ದಂಗೈತೆ. ಇವ್ರೇನೂ ತಿಂತಾ ಇಲ್ಲ ಕಣಯ್ಯ, ಇವ್ರೇ ಬಡಿಸ್ತಾ ಅವ್ರೆ."

ನಿಜವಾಗಿತ್ತು. ಗಿಡ ದಟ್ಟವಾಗಿತ್ತು. ಆದರೆ ಹೆದರಿದವನ ಕಣ್ಣಿಗೆ ಹಸಿರು ಕಾಣುತ್ತದೆಯೇ? ನನಗೆ ಬಿಳಿ ಮಾತ್ರ ಕಾಣುತ್ತಿತ್ತು. ನಾನು ಒದ್ದೆ ಬಟ್ಟೆ ಹೊದಿಸಿದೆ. ಅವಳಿಗೆ, "ಜ್ವರ ಅಂತ ಮಲಗು," ಅಂದೆ.

ಗಟ್ಟಿಮುಟ್ಟಾಗಿದ್ದ ಹೆಂಗಸು ಹಗಲೆಲ್ಲ ಕಂಬಳಿ ಹೊದ್ದು ಮಲಗಿದಳು. ಕಂಬಳಿಯ ಒಳಗಿನಿಂದಲೇ ಬೈಯುತ್ತಿದ್ದಳು.

"ಬಟ್ಟೆ ತೆಗೆದು ಕುಂಡಾನ ಬಿಸಿಲಿಗಿಡು. ಮೇಲ್ಮಣ್ಣು ಒಂಚೂರು ಕೆದಕು. ನೀರು ಕಮ್ಮಿ ಮಾಡು. ಬಂದಂಗೆ ಹೋಗ್ತಾರೆ ಅವ್ರು. ನೆಂಟರು ಯಾರ ಮನೇಲಿ ಕಾಯಂ ಇರ್ತಾರೆ?"

"ಬಿಸಿಲಿಗಿಟ್ರೆ ಊರೆಲ್ಲ ನೋಡ್ತದೆ."

"ನೋಡ್ಲಿ."

"ನೋಡಿದ್ರೆ ನಿನ್ನ..."

"ನೋಡ್ಲಿ ಅಂದೆ."

ಮಾಡಬೇಕಾಗಿದ್ದದ್ದು ಬಿಸಿಲಿಗಿಡುವುದು, ಅಷ್ಟೇ. ಇಡಲಿಲ್ಲ. ಆನೆಯ ಎದುರು ನಿಲ್ಲಬಲ್ಲೆ, ಊರಿನ ಕಣ್ಣಿನ ಎದುರು ನಿಲ್ಲಲಾರೆ. ಬಟ್ಟೆ ಒಣಗುವ ಮೊದಲೇ ನೀರು ಚಿಮುಕಿಸಿದೆ. ತಂಪು, ಕತ್ತಲು, ತೇವ. ಬಟ್ಟೆಯ ಅಡಿಯಲ್ಲಿ ಅವು ಒಂದರ ಹೆಗಲ ಮೇಲೆ ಒಂದು ಕಾಲಿಟ್ಟು ಎದ್ದವು. ಹೊರಗಿನಿಂದ ನೋಡಿದರೆ ಬಟ್ಟೆ ಉಬ್ಬಿಕೊಂಡು, ಒಳಗೆ ಯಾರೋ ಮೊಣಕಾಲು ಮಡಿಸಿ ಕೂತ ಹಾಗೆ. ಮುಚ್ಚಿದಷ್ಟೂ ಬೆಳೆದವು, ಬೆಳೆದಷ್ಟೂ ಮುಚ್ಚಿದೆ.

ನೀರಿಗೆ ಅಂತ ದೊಣೆಗೆ ಹೋದವನು ಒಂದು ದಿನ ತಲೆ ಎತ್ತಿ ಬೀದಿ ನೋಡಿದೆ. ಪಕ್ಕದ ಮನೆಯ ಬಾಗಿಲಲ್ಲಿ ಒದ್ದೆ ಬಟ್ಟೆ. ಎದುರು ಮನೆಯಲ್ಲಿ ಒದ್ದೆ ಬಟ್ಟೆ. ಅದರಾಚೆ, ಅದರಾಚೆ, ಬೀದಿ ತಿರುಗುವ ತನಕ ಒದ್ದೆ ಬಟ್ಟೆ. ಊರಿಗೆ ಊರೇ ಕಾಯಿಲೆ ಮಲಗಿತ್ತು. ಆ ಸಂಜೆ ಕುಂಡ ನೋಡುವವನು ಕೋಲು ಕುಟ್ಟದೆ, ಏನೂ ಕೇಳದೆ, ತಲೆ ತಗ್ಗಿಸಿಕೊಂಡು ಬೀದಿಯುದ್ದಕ್ಕೂ ನಡೆದು ತನ್ನ ಮನೆಗೆ ಹೋದ. ಅವನ ಬಾಗಿಲ ಮುಂದೆಯೂ ಒದ್ದೆ ಬಟ್ಟೆ. ನಾವು ನಾವೇ ಅನ್ನುವ ಮಾತು ಆ ಸಂಜೆ ಒಂದು ಬಾಯಿಂದಲೂ ಬರಲಿಲ್ಲ. ಆಗ ನಾನು ಬೀದಿಯ ನಡುವೆ ನಿಂತು, "ನನ್ನ ಮನೆಗೆ ಬಂದವ್ರೆ, ನಿಮ್ಮನೆಗೆ?" ಅಂತ ಒಂದು ಮಾತು ಕೂಗಬಹುದಿತ್ತು. ನನ್ನ ಗಂಟಲು ಸಣ್ಣದಲ್ಲ. ಆದರೆ ಎಲ್ಲರೂ ಮುಚ್ಚಿಕೊಂಡಿರುವಾಗ ಮೊದಲು ತೆರೆಯುವವನು ನಾನೇ ಯಾಕಾಗಬೇಕು ಅನ್ನಿಸಿತು. ಅವರಿಗೂ ಹಾಗೇ ಅನ್ನಿಸಿರಬೇಕು.

ಮುಚ್ಚಿಟ್ಟ ಊರಿಗೆ ಸಿಟ್ಟು ಜಾಸ್ತಿ. ಊರ ಹಿರಿಯ ಎಲ್ಲರನ್ನೂ ದೊಣೆಯ ಹತ್ತಿರ ಕರೆಸಿದ. ಅವನ ಪಂಚೆಯ ತುದಿಯೂ ಒದ್ದೆಯಾಗಿತ್ತು.

"ಊರಿಗೆ ಜ್ವರ ಬಂದೈತೆ," ಅಂದ. "ಯಾರದೋ ಮನೇಲಿ ನೆಂಟರವ್ರೆ, ಅದರ ಪಾಪ ಎಲ್ಲರಿಗೂ ತಗುಲ್ತಾ ಐತೆ. ಒಬ್ಬರನ್ನ ಇಳಿಸಿದ್ರೆ ಎಲ್ಲರಿಗೂ ವಾಸಿ ಆಯ್ತದೆ. ಯಾರ ಕುಂಡದ ಬಟ್ಟೆ ಮೊದಲು ಒಣಗುತ್ತೋ ಅದನ್ನ ಎತ್ತಿ ನೋಡೋಣ."

ಎಲ್ಲರೂ ಜೋರಾಗಿ, "ಆಗ್ಲಿ, ಆಗ್ಲಿ," ಅಂದರು. ನಾನೂ ಅಂದೆ. ಎಲ್ಲರಿಗಿಂತ ಜೋರಾಗಿ ಅಂದೆ.

ಆಮೇಲೆ ಶುರುವಾಯಿತು ನೋಡಿ ಓಟ. ಬಿಸಿಲು ಬಂಡೆಯನ್ನು ಹೆಂಚಿನಂತೆ ಕಾಸುತ್ತಿತ್ತು. ಚೊಂಬು, ಕೊಡ, ಮಡಕೆ, ಬೊಗಸೆ. ಕುಡಿಯುವ ನೀರೆಲ್ಲ ಬಟ್ಟೆಗೆ ಸುರಿದೆವು. ನಾಲಿಗೆ ಒಣಗಲಿ, ಬಟ್ಟೆ ಒಣಗದಿದ್ದರೆ ಸಾಕು. ದೊಣೆಯ ತಳ ಕಂಡಿತು. ತಳದ ಕೆಸರನ್ನೂ ಹಿಂಡಿದೆವು. ಕಡೆಯ ಒಂದು ಚೊಂಬು ನೀರು ನನ್ನ ಕೈಗೆ ಸಿಕ್ಕಿತು. ಹತ್ತಾಳನ್ನು ತಳ್ಳಿ ತಂದೆ... ಆಯ್ತು, ಜಗ್ಗಬೇಡ. ತಳ್ಳಿದ್ದು ಒಬ್ಬ ಮುದುಕನನ್ನು. ಅವನು ಬಿದ್ದ. ತಿರುಗಿ ನೋಡದೆ ಬಂದೆ.

ಮನೆ ಬಾಗಿಲಿಗೆ ಬಂದರೆ ಪಕ್ಕದ ಮನೆಯವಳು ನಿಂತಿದ್ದಳು. ತುಟಿ ಒಡೆದಿತ್ತು.

"ಮಾವಾ, ಒಂದೇ ಒಂದು ಬೊಗಸೆ ಕೊಡಿ. ಬಟ್ಟೆ ಒಣಗ್ತಾ ಬಂತು."

"ನಿನ್ನ ಕುಂಡಕ್ಕೆ ನಾನ್ಯಾಕೆ ಕೊಡ್ಲಿ?"

"ನಂದಲ್ಲ ಮಾವಾ. ನಂದಾಗಿದ್ರೆ ಬರ್ತಿರ್ಲಿಲ್ಲ. ನನ್ನ ಮಗಳದು. ಇನ್ನೂ ನಡೆಯೋಕೆ ಬರಾಕಿಲ್ಲ ಅದಕ್ಕೆ. ಬುಟ್ಟೀಲಿ ಕೂರಿಸಿದ್ರೆ ಒರಗಿ ಬೀಳ್ತದೆ."

ನಾನು ಚೊಂಬನ್ನು ಎದೆಗೆ ಒತ್ತಿಕೊಂಡೆ. ಅಷ್ಟರಲ್ಲಿ ನನ್ನವಳು ಕಂಬಳಿ ಒದ್ದು ಎದ್ದು ಬಂದಳು. ಮಲಗಿ ಮಲಗಿ ಕೂದಲು ಗಂಟಾಗಿತ್ತು. ನನ್ನ ಕೈಯಿಂದ ಚೊಂಬು ಕಿತ್ತು ಅವಳ ಕೈಗೆ ಕೊಟ್ಟಳು.

"ಓಡು," ಅಂದಳು. "ಚೆಲ್ಲಬೇಡ."

"ಲೇ, ಏನ್ ಮಾಡ್ದೆ! ನಮ್ಮ ಬಟ್ಟೆ?"

"ಒಣಗ್ಲಿ ಬಿಡು. ನನಗೆ ಮಲಗಿ ಮಲಗಿ ಬೆನ್ನು ನೋಯ್ತದೆ."

ಒಣಗಿತು. ಅಂಚು ಮೊದಲು, ಆಮೇಲೆ ನಡು. ನಾನು ಅದರ ಮೇಲೆ ಉಗುಳಿದೆ. ಉಗುಳಲಿಕ್ಕೂ ಬಾಯಲ್ಲಿ ತೇವ ಇರಲಿಲ್ಲ. ಬಟ್ಟೆಗೆ ಮುಖವಿಟ್ಟು ಅತ್ತೆ, ಕಣ್ಣೀರಾದರೂ ನೆನೆಸಲಿ ಅಂತ. ಅದೂ ಸಾಲಲಿಲ್ಲ.

ಊರು ಬಂತು. ಹಿರಿಯ ಬಟ್ಟೆಯ ತುದಿ ಹಿಡಿದು ಎತ್ತಿದ. ಬೆಳ್ಳಗೆ, ಗುಂಪುಗುಂಪಾಗಿ, ಮರುಗವನ್ನು ಸುತ್ತುವರಿದು ನಿಂತಿದ್ದವು. ಕುಂಡ ನೋಡುವವನು ಕೋಲು ಕುಟ್ಟಿ, "ನೆಂಟರು ಬಂದವ್ರಾ?" ಅಂದ.

"ಬಂದವ್ರೆ," ಅಂದಳು ನನ್ನವಳು. ಆ ಮಾತಿಗೆ ಆ ಉತ್ತರವೂ ಉಂಟು ಅನ್ನುವುದು ಊರಿಗೆ ಮರೆತೇ ಹೋಗಿತ್ತು.

ನಾನು ಮುಂದೆ ಹಾರಿದೆ. "ಅದು ನನ್ನ ಕುಂಡ! ನನ್ನ ಇಳಿಸಿ!"

ಹಿರಿಯ ನಕ್ಕ. "ನಿನ್ನದು ಆಲದ ಮರ ಅಂತ ನೀನೇ ಹೇಳ್ತಿದ್ಯಲ್ಲಪ್ಪ. ಬಿಳಲು ಬಿಟ್ಟೈತೆ ಅಂತಿದ್ದೆ. ಇದು ಮರುಗ."

ಎಲ್ಲರೂ ನಕ್ಕರು. ನನ್ನ ಜನ್ಮದ ಮಾತೆಲ್ಲ ಒಟ್ಟಾಗಿ ಬಂದು ನನ್ನ ಬಾಯಿ ಮುಚ್ಚಿತು. ಆಗ ಬೀದಿಗೆ ಓಡಿದೆ. ಕುಂಡ ನೋಡುವವನ ಬಾಗಿಲಿಗೆ ಹೋಗಿ ಅವನ ಒದ್ದೆ ಬಟ್ಟೆ ಎಳೆದೆ. ಬೆಳ್ಳಗೆ ಗುಂಪು. "ನೋಡ್ರಪ್ಪಾ!" ಅಂದೆ. ತಿರುಗಿ ನೋಡಿದರೆ ಎಲ್ಲರೂ ಬೆನ್ನು ಮಾಡಿ ನಿಂತಿದ್ದರು. ಹಿರಿಯನ ಬಾಗಿಲಿಗೆ ಹೋಗಿ ಎಳೆದೆ. ಅಲ್ಲೂ ಬೆಳ್ಳಗೆ ಗುಂಪು. "ನೋಡ್ರೋ!" ಬೆನ್ನು. ಎದುರು ಮನೆ. ಬೆನ್ನು. ನಾನು ಎಳೆದ ಕಡೆಯೆಲ್ಲ ಅಣಬೆ, ನಾನು ತಿರುಗಿದ ಕಡೆಯೆಲ್ಲ ಬೆನ್ನು. ಪಕ್ಕದ ಮನೆಯವಳ ಬಾಗಿಲಿಗೆ ಬಂದು ಆ ಸಣ್ಣ ಕುಂಡದ ಬಟ್ಟೆಗೆ ಕೈ ಹಾಕಿದೆ.

"ಅದೊಂದು ಬೇಡ," ಅಂದಳು ನನ್ನವಳು ಹಿಂದಿನಿಂದ. "ಅದು ಈಗ ತಾನೇ ನೆನೆದೈತೆ. ಸಾಕು ಬಾ. ಬುಟ್ಟಿ ತಗೊಂಬಾ."

ಕೈ ತೆಗೆದೆ.

ಬುಟ್ಟಿಯಲ್ಲಿ ಅವಳು ಕಾಲು ಮಡಿಸಿ ಕೂತಳು. ಮಡಿಲಲ್ಲಿ ಕುಂಡ. ಎರಡು ಎಲೆ ಕಿತ್ತು ಮುಡಿಗೆ ಸಿಕ್ಕಿಸಿಕೊಂಡಳು. ಅಂಚಿನ ಹತ್ತಿರ ನನ್ನ ಮುಖ ನೋಡಿ, "ಮೆಲ್ಲಕೆ ಬಿಡು, ಆನೆ ಬಿಟ್ಟಂಗೆ ಬಿಡಬೇಡ," ಅಂದಳು. ಊರವರು ಬೆನ್ನು ತಿರುಗಿಸಿದರು. ಪಕ್ಕದ ಮನೆಯವಳೂ ತಿರುಗಿಸಿದಳು, ಅವಳ ಬೆನ್ನು ಮಾತ್ರ ಅಲುಗುತ್ತಿತ್ತು.

ಬಿಟ್ಟೆ. ಬಿಟ್ಟೆ, ಬಿಟ್ಟೆ. ಸುರುಳಿ ಕರಗಿತು. ಒಂದು ಸುತ್ತು ಉಳಿಯಿತು, ಅದೂ ಹೋಯಿತು. ಕಡೆಯ ಗಂಟು ಬಂದು ನನ್ನ ಅಂಗೈಗೆ ತಗುಲಿತು. ಆಗ ನನಗೆ ಗೊತ್ತಾಯಿತು. ಕೈಯಲ್ಲಿ ತೂಕ ಹಾಗೇ ಇದೆ.

"ಮುಟ್ಟಿತು!" ಅಂದರು ಎಲ್ಲರೂ.

"ಮುಟ್ಟಿಲ್ಲ!" ಅಂತ ಕೂಗಿದೆ. "ಹಗ್ಗ ಸಾಲಲಿಲ್ಲ! ತೂಗಾಡ್ತಾ ಅವ್ಳೆ!"

"ಮುಟ್ಟಿತು," ಅಂದರು. "ಕೊಯ್ಯಿ."

"ಒಬ್ರು ಬಂದು ನೋಡ್ರೋ! ಒಬ್ರಾದ್ರೂ ಹಗ್ಗ ಮುಟ್ಟಿ ನೋಡ್ರೋ!"

"ಮುಟ್ಟಿತು," ಅಂತ ಹಿರಿಯ ಇನ್ನೊಮ್ಮೆ ಅಂದ. ಬೆನ್ನುಗಳು ಒಂದೊಂದಾಗಿ ಮನೆ ಸೇರಿದವು. ಆ ಸಂಜೆ ಬೀದಿಯುದ್ದಕ್ಕೂ ಕೋಲಿನ ಸದ್ದು ಕೇಳಿತು. ನೆಂಟರು ಬಂದವ್ರಾ? ಇಲ್ಲ, ನಾವು ನಾವೇ. ನೆಂಟರು ಬಂದವ್ರಾ? ಇಲ್ಲ, ನಾವು ನಾವೇ. ಊರಿಗೆ ವಾಸಿಯಾಗಿತ್ತು.

ನಾನು ಕೊಯ್ಯಲಿಲ್ಲ. ಅಂದಿನಿಂದ ಹಿಡಿದೇ ಇದ್ದೇನೆ. ಈ ಹಗ್ಗದ ಆ ತುದಿಯಲ್ಲಿ ಇರುವುದು ಅವಳೇ. ಮೊದಮೊದಲು ಅವಳ ದನಿ ಕೇಳುತ್ತಿತ್ತು.

"ನೆಲ ಕಾಣ್ತದಾ?" ಅಂತ ಕೂಗುತ್ತಿದ್ದೆ.

"ಮಂಜು ಕಾಣ್ತದೆ."

"ಹೆದರಿಕೆ ಆಯ್ತದಾ?"

"ಮರುಗದ ವಾಸ್ನೆ ಐತೆ. ನೀನು ಏನಾದ್ರೂ ಹೇಳ್ತಾ ಇರು. ಸುಳ್ಳಾದ್ರೂ ಆಗ್ಲಿ, ದನಿ ಕೇಳ್ತಾ ಇದ್ರೆ ಸಾಕು. ತೀರಾ ಸುಳ್ಳಾದ್ರೆ ಹಗ್ಗ ಜಗ್ತೀನಿ."

ಆಮೇಲೆ ದನಿ ಸಣ್ಣಗಾಯಿತು, ನಿಂತಿತು. ಜಗ್ಗುವುದು ಉಳಿಯಿತು. ಅದಕ್ಕೇ ನಾನು ನಿದ್ದೆಯಲ್ಲಿ ಬಂದವರನ್ನೆಲ್ಲ ಕೂರಿಸಿಕೊಂಡು ಆನೆ, ಚಂದ್ರ, ಆಲದ ಮರ ಅಂತ ಹೇಳುವುದು. ಅವಳು ಜಗ್ಗಲಿ ಅಂತ. ಜಗ್ಗಿದರೆ ಇದ್ದಾಳೆ ಅಂತ. ನನ್ನ ಬೆವರು ಹಗ್ಗಕ್ಕಿಳಿದು ಹಗ್ಗ ಒದ್ದೆಯಾಗಿದೆ. ಬಗ್ಗಿ ನೋಡಿ, ಕೆಳಗಿನಿಂದ ಬೆಳ್ಳಗೆ ಒಂದೊಂದಾಗಿ ಹಗ್ಗದ ಮೇಲೆ ಎದ್ದು ಬರುತ್ತಿವೆ. ಕಿತ್ತು ಹಾಕಲಿಕ್ಕೆ ಕೈಗೆ ಬಿಡುವಿಲ್ಲ. ಈಗ ಕೀಳುವ ಮನಸ್ಸೂ ಇಲ್ಲ.

ಒಂದು ಮಾತು ಹೇಳುತ್ತೇನೆ, ಯಾರಿಗೂ ಹೇಳಿದವನಲ್ಲ. ನಾನು ಆನೆ ಇಳಿಸಿದವನಲ್ಲ. ಒಂದು ಕರುವನ್ನೂ ಎತ್ತಿದವನಲ್ಲ. ಮೊಳದಷ್ಟು ಮೇಲಕ್ಕೆಳೆದರೆ ಮೊಳದಷ್ಟು ಜಾರುತ್ತದೆ. ನನ್ನ ತೋಳಲ್ಲಿ ಏನೂ ಉಳಿದಿಲ್ಲ.

ನೋಡಿ, ಹಗ್ಗ ಜಗ್ಗಲಿಲ್ಲ.

ನಿಜ ಹೇಳಿದ್ದಕ್ಕೆ ಜಗ್ಗಲಿಲ್ಲ. ಹಾಗಂತಲೇ ಇಟ್ಟುಕೊಳ್ಳೋಣ. ತೂಕ ಇದೆ, ಇನ್ನೂ ಇದೆ, ನನ್ನ ಅಂಗೈಗೆ ಗೊತ್ತು. ಏ, ಕೇಳ್ತಾ ಇದೀಯೇನೇ? ನನ್ನ ಕಳ್ಳಿ ಆಲದ ಮರ ಕಣೇ. ಬಿಳಲು ಬಿಟ್ಟೈತೆ. ಮಕ್ಕಳು ಜೋತಾಡ್ತಾ ಅವ್ರೆ. ಆಲದ ಮರ ಅಂದೆ ಕಣೇ, ಕೇಳಿಸ್ತಾ?

ನೀವು ಕಣ್ಣುಜ್ಜಿಕೊಳ್ಳುತ್ತಿದ್ದೀರಿ. ಎಚ್ಚರವಾಗುವ ಹೊತ್ತು, ಗೊತ್ತು. ಹೂಂ ಅಂದದ್ದು ಸಾಕು, ಇನ್ನು ಹೂಂ ಬೇಡ. ಎದ್ದು ಬನ್ನಿ. ಇಲ್ಲಿ, ನನ್ನ ಕೈಯ ಹಿಂದೆ ಜಾಗವಿದೆ. ಒಂದು ಕೈ ಹಾಕಿ.